ಭಕ್ತರ ಅನ್ನ

ಮಗಳ ತುಟಿ ಅಲುಗಾಡುತ್ತಿಲ್ಲ ಅನ್ನುವುದು ನನ್ನ ಲಕ್ಷ್ಯಕ್ಕೆ ಬಂದದ್ದು ಫೆಬ್ರುವರಿಯ ಒಂದು ರವಿವಾರ.

ಗೋಕಾಕದ ನಮ್ಮ ಲೂಥರನ್ ಸಭೆ ದೊಡ್ಡದಲ್ಲ. ತಗಡಿನ ಮಾಡಿನ ಒಂದು ಹಾಲ್, ಎಡಗಡೆ ಹೆಣ್ಣುಮಕ್ಕಳ ಬೆಂಚು, ಬಲಗಡೆ ಗಂಡಸರ ಬೆಂಚು, ಎದುರಿಗೆ ಕಟ್ಟಿಗೆಯ ಶಿಲುಬೆ. ನಾವಿರುವುದು ಮೂಡಲಗಿಯಲ್ಲಿ. ನಮ್ಮವರಿಗೆ ಅಲ್ಲಿ ಪೇಟೆಯೊಳಗೆ ಹೊಲಿಗೆಯ ಅಂಗಡಿ. ರವಿವಾರ ಬೆಳಿಗ್ಗೆ ಬಸ್ಸು ಹಿಡಿದು ಗೋಕಾಕಕ್ಕೆ ಹೋಗಿ, ಆರಾಧನೆ ಮುಗಿಸಿ, ಮಧ್ಯಾಹ್ನ ಊಟದ ಹೊತ್ತಿಗೆ ತಿರುಗಿ ಬರುತ್ತೇವೆ. ಬಸ್ಸಿನಲ್ಲಿ ಕಿಟಕಿ ಕಡೆ ಕೂತು, ಆ ವಾರ ದೇವರು ಮಾಡಿದ ಸಣ್ಣಸಣ್ಣ ಕೃಪೆಗಳನ್ನು ಬೆರಳಿನ ಗೆರೆಗಳ ಮೇಲೆ ಎಣಿಸುವುದು ನನ್ನ ರೂಢಿ. ನಲ್ಲಿಯ ನೀರು ಎರಡು ದಿನ ಮೊದಲೇ ಬಂದದ್ದು, ನಮ್ಮವರ ಸೊಂಟನೋವು ಕಡಿಮೆಯಾದದ್ದು, ಮಗಳು ಗಣಿತದಲ್ಲಿ ಪಾಸಾದದ್ದು. ದೊಡ್ಡದನ್ನು ಬೇಡಿಕೊಳ್ಳಬಹುದು, ಆದರೆ ಎಣಿಸಲಿಕ್ಕೆ ಸಿಗುವುದು ಸಣ್ಣದ್ದೇ.

ಆರಾಧನೆಯ ನಡುವೆ ವಿಶ್ವಾಸ ಪ್ರಮಾಣ ಹೇಳುವಾಗ ಎಲ್ಲರೂ ಎದ್ದು ನಿಲ್ಲುತ್ತೇವೆ. ನಾವು ಏನು ನಂಬುತ್ತೇವೆ ಅನ್ನುವುದನ್ನು ಸಣ್ಣವರು ದೊಡ್ಡವರು ಕೂಡಿ ಬಾಯಿಬಿಟ್ಟು ಹೇಳುವ ಹೊತ್ತು ಅದು. ಪುಸ್ತಕ ಯಾರೂ ತೆರೆಯುವುದಿಲ್ಲ, ಎಲ್ಲರಿಗೂ ಬಾಯಿಪಾಠ. ಆ ರವಿವಾರ ಮಗಳು ಎದ್ದು ನಿಂತಳು, ಕೈ ಕಟ್ಟಿದಳು, ಬಾಯಿ ಮಾತ್ರ ತೆರೆಯಲಿಲ್ಲ. ಗಂಟಲು ಕೆಟ್ಟಿರಬೇಕು ಅಂದುಕೊಂಡೆ. ಮುಂದಿನ ವಾರವೂ ಹಾಗೇ. ಹತ್ತನೆಯ ತರಗತಿಯ ಪರೀಕ್ಷೆಯ ಚಿಂತೆ ಇರಬೇಕು ಅಂದುಕೊಂಡೆ. ಮೂರನೆಯ ವಾರ ನನ್ನ ಕಣ್ಣು ಶಿಲುಬೆಯ ಕಡೆ ಇರಲೇ ಇಲ್ಲ. ಹಾಡಿಗೆ ಬಾಯಿ ತೆರೆದಳು. ಪ್ರಾರ್ಥನೆಗೂ ತೆರೆದಳು. ವಿಶ್ವಾಸ ಪ್ರಮಾಣಕ್ಕೆ ಮಾತ್ರ ಮುಚ್ಚಿದಳು.

ನಾನು ಅಂಜಲಿಕ್ಕೆ ಕಾರಣವಿತ್ತು. ನಮ್ಮಲ್ಲಿ ಕೂಸಿಗೇ ದೀಕ್ಷಾಸ್ನಾನ ಮಾಡಿಸುತ್ತೇವೆ. ಆಗ ಕೂಸಿನ ಪರವಾಗಿ ದೊಡ್ಡವರು ‘ನಂಬುತ್ತೇವೆ’ ಅನ್ನುತ್ತಾರೆ. ಹದಿನಾಲ್ಕು ಹದಿನೈದು ವರ್ಷವಾದ ಮೇಲೆ, ಪ್ರಶ್ನೋತ್ತರ ಕಲಿತು, ಸಭೆಯ ಮುಂದೆ ನಿಂತು, ಆ ಮಾತನ್ನು ತಾವೇ ಹೇಳಬೇಕು. ಪುಸ್ತಕದಲ್ಲಿ ಅದಕ್ಕೆ ದೃಢೀಕರಣ ಅಂತಿದೆ, ನಾವು ‘ದೃಢ ಆಗೂದು’ ಅನ್ನುತ್ತೇವೆ. ದೃಢ ಆದವರಿಗೇ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ. ಈಸ್ಟರ್ ಆಗಿ ಏಳು ವಾರಕ್ಕೆ ಬರುವ ಪಂಚಾಶತ್ತಮ ಹಬ್ಬದ ದಿನ ಮಗಳೂ ಇನ್ನು ನಾಲ್ಕು ಮಕ್ಕಳೂ ದೃಢ ಆಗಬೇಕಿತ್ತು. ಬಿಳಿ ಬಟ್ಟೆಯನ್ನು ನಮ್ಮವರು ಆಗಲೇ ಕತ್ತರಿಸಿ ಇಟ್ಟಿದ್ದರು. ಆ ಐದೂ ಮಕ್ಕಳಿಗೆ ಪಾಠ ಹೇಳಿಕೊಟ್ಟವಳು ನಾನೇ. ಹನ್ನೆರಡು ವರ್ಷದಿಂದ ರವಿವಾರದ ಸಾಲಿ ನನ್ನದು. ಕಲಿಸಿದವಳ ಮಗಳೇ ಬಾಯಿ ಮುಚ್ಚಿ ನಿಂತರೆ?

ಇನ್ನೊಂದು ಹೆದರಿಕೆಯನ್ನು ಯಾರಿಗೂ ಹೇಳಿರಲಿಲ್ಲ. ದೊಡ್ಡ ಮಗ ಏಳು ವರ್ಷದ ಹಿಂದೆ ದೃಢ ಆದ. ಕೇಳಿದ್ದಕ್ಕೆಲ್ಲ ಪಟಪಟ ಉತ್ತರ ಹೇಳಿದ, ಒಂದು ಅಕ್ಷರ ತಡವರಿಸಲಿಲ್ಲ. ಹಿರಿಯರು ನನ್ನ ಕಡೆ ತಿರುಗಿ ತಲೆಯಾಡಿಸಿದರು. ಈಗ ಕೊಲ್ಹಾಪುರದಲ್ಲಿ ಫೌಂಡ್ರಿಯೊಳಗೆ ಕೆಲಸ ಮಾಡುತ್ತಾನೆ. ಅಲ್ಲಿ ಯಾವ ಸಭೆಗೂ ಹೋಗುವುದಿಲ್ಲ. ಕೇಳಿದರೆ, “ರವಿವಾರ ಒಂದ ದಿನಾ ಮಲಗಾಕ ಸಿಗತೈತಿ, ಅದನ್ನೂ ಕಸಗೊಬ್ಯಾಡ ಅವ್ವಾ,” ಅನ್ನುತ್ತಾನೆ. ಜಗಳವಿಲ್ಲ, ಸಿಟ್ಟಿಲ್ಲ. ಅವನಿಗೆ ಅದು ಪಾಸು ಮಾಡಿದ ಒಂದು ಪರೀಕ್ಷೆ, ಅಷ್ಟೇ. ಇವಳೂ ಹೋದರೆ, ನನ್ನ ಕೈಯಿಂದ ಮುಂದಕ್ಕೆ ಹೋಗುವುದು ಏನೂ ಉಳಿಯುವುದಿಲ್ಲ.

ಮಾರ್ಚ್ ಮೊದಲ ವಾರ, ಸಂಜೆ ರೊಟ್ಟಿ ಬಡಿಯುತ್ತಿದ್ದೆ. ಮಗಳು ಬಾಜೂದಲ್ಲಿ ಕೂತು ಸಮಾಜವಿಜ್ಞಾನ ಓದುತ್ತಿದ್ದಳು. ಇನ್ನು ತಡೆಯಲಾರದೆ ಕೇಳಿದೆ.

“ರವಿವಾರ ಯಾಕ ಸುಮ್ಮ ನಿಂದರತಿ?”

“ಎಲ್ಲಿ?”

“ಗೊತ್ತಿಲ್ಲದಂಗ ಮಾಡಬ್ಯಾಡ. ಪ್ರಮಾಣ ಹೇಳುಮುಂದ.”

ಅವಳು ಪುಸ್ತಕದ ಹಾಳೆ ಮಡಚಿದಳು. “ನೀ ಅದನ್ನ ಪುಸ್ತಕದಾಗ ಓದೀ ಏನ ಅವ್ವಾ, ಯಾವಾಗರೆ?”

“ಓದೂದೇನೈತಿ? ಬಾಯಾಗ ಐತಿ.”

“ಹಂಗಾರ ಹೇಳು, ನಾವು ಏನೇನ ನಂಬತೇವಿ? ಕಡೀ ಭಾಗ ಹೇಳು.”

ಹಿಟ್ಟಿನ ಕೈಯಲ್ಲೇ ಹೇಳಿದೆ. ಪವಿತ್ರಾತ್ಮನನ್ನು, ಸಭೆಯನ್ನು, ಭಕ್ತರ ಅನ್ನವನ್ನು...

“ಅಲ್ಲೇ ನಿಲ್ಲು,” ಅಂದಳು. ಎದ್ದು ಹೋಗಿ ಕಪಾಟಿನೊಳಗಿಂದ ಆರಾಧನೆಯ ಪುಸ್ತಕ ತಂದು ನನ್ನ ಮುಖದ ಮುಂದೆ ಹಿಡಿದಳು. “ಓದು.”

ನಾನು ಏಳನೆಯ ಇಯತ್ತೆ ಕಲಿತವಳು. ಬೈಬಲ್ಲು ದಿನಾ ಓದುತ್ತೇನೆ, ಸಾವಕಾಶ, ಬೆರಳಿಟ್ಟು. ಆದರೆ ಆ ಒಂದು ಪುಟ ಎಂದೂ ತೆರೆದಿರಲಿಲ್ಲ. ಬಾಯಿಗೆ ಬರುವುದನ್ನು ಯಾರು ತೆರೆದು ಓದುತ್ತಾರೆ? ಬೆರಳಿಟ್ಟು ಓದಿದೆ. ಅಲ್ಲಿ ಅನ್ನ ಇರಲಿಲ್ಲ. ‘ಭಕ್ತರ ಅನ್ಯೋನ್ಯತೆ’ ಅಂತ ಇತ್ತು. ಎರಡನೆಯ ಸಲ ಓದಿದೆ. ಹಂಚಿನ ಮೇಲಿನ ರೊಟ್ಟಿ ಹೊತ್ತಿ ಹೊಗೆ ಎದ್ದಿತು. ಅದನ್ನು ಅವಳೇ ತಿರುವಿ ಹಾಕಿದಳು.

ಆಮೇಲೆ ಹೇಳಿದಳು. ಜನವರಿಯಲ್ಲಿ ಹುಕ್ಕೇರಿಯಲ್ಲಿ ನಾಕಾರು ಸಭೆಗಳ ಹರೆಯದ ಮಕ್ಕಳ ಕೂಟವಿತ್ತು. ಬಾಯಿಪಾಠದ ಸ್ಪರ್ಧೆಯಲ್ಲಿ ಇವಳು ಮೈಕಿನ ಮುಂದೆ ನಿಂತು, ನಾನು ಕಲಿಸಿದ ಹಾಗೆ, ಗಟ್ಟಿ ದನಿಯಲ್ಲಿ ‘ಭಕ್ತರ ಅನ್ನವನ್ನೂ’ ಅಂದಿದ್ದಳು. ಹಿಂದಿನ ಸಾಲಿನಿಂದ ನಗೆ ಎದ್ದಿತಂತೆ. ತೀರ್ಪು ಕೊಡಲಿಕ್ಕೆ ಕೂತಿದ್ದ ಹೆಣ್ಣುಮಗಳು, “ಹಸಿವಾಗೇತೇನ ತಂಗಿ? ಊಟಕ್ಕ ಇನ್ನ ಹೊತ್ತೈತಿ,” ಅಂದಳಂತೆ. ಅಲ್ಲಿಂದ ತಿರುಗಿ ಬರುವ ತನಕ ಹುಡುಗಿಯರು ಇವಳನ್ನು ‘ಅನ್ನಕ್ಕ’ ಅಂತ ಕರೆದರಂತೆ.

“ನಗತಾರ, ನಗಲಿ,” ಅಂದೆ. “ಒಂದ ಶಬ್ದ ತಪ್ಪಿದ್ರ ದೇವರೇನ ಸಿಟ್ಟಾಗೂದಿಲ್ಲ.”

“ದೇವರ ಮಾತಲ್ಲ ಅವ್ವಾ. ನೀ ಕಲಿಸಿದ್ದರಾಗ ಇದೊಂದ ತಪ್ಪೋ, ಇನ್ನೂ ಅದಾವೋ? ನನಗ ಹೆಂಗ ಗೊತ್ತಾಗಬೇಕು?”

ಇಷ್ಟು ವರ್ಷ ಪ್ರಶ್ನೆ ಕೇಳಿ ಉತ್ತರ ಹೇಳಿಸಿದವಳು ನಾನು. ಯಾರೂ ನನ್ನನ್ನು ತಿರುಗಿ ಕೇಳಿರಲಿಲ್ಲ.

ಆ ಶಬ್ದ ನನಗೆ ಬಂದದ್ದು ಆಯಿಯಿಂದ, ನನ್ನ ಅವ್ವನ ಅವ್ವನಿಂದ. ಆಯಿ ನಾಗನೂರದಲ್ಲಿ ಮಂದಿಯ ಹೊಲದಲ್ಲಿ ಕೂಲಿ ಮಾಡಿದವಳು. ಅಕ್ಷರ ಗೊತ್ತಿರಲಿಲ್ಲ. ಅವಳ ಕಾಲದಲ್ಲಿ ಸುವಾರ್ತೆ ಹೇಳಲಿಕ್ಕೆ ಒಬ್ಬ ಉಪದೇಶಿ ಸೈಕಲ್ ಮೇಲೆ ಬರುತ್ತಿದ್ದರಂತೆ. ಕೂಲಿಯವರನ್ನು ಕೆಲಸ ಬಿಡಿಸಿ ಕೂಡ್ರಿಸುವ ಹಾಗಿರಲಿಲ್ಲ. ಅದಕ್ಕೆ ಅವರು ಬದುವಿನ ಮೇಲೆ ನಡೆಯುತ್ತ ಒಂದು ಸಾಲು ಹೇಳುವರು. ಹೆಣ್ಣುಮಕ್ಕಳು ಬೆಳೆಯ ಒಂದು ಸಾಲಿನ ಕಸ ತೆಗೆದು ಮುಗಿಸುವ ತನಕ ಅದನ್ನೇ ಬಾಯೊಳಗೆ ತಿರುವುತ್ತ ಹೋಗುವರು. ಆ ಸಾಲು ಮುಗಿದರೆ ಇನ್ನೊಂದು. ಆಯಿ ನನಗೂ ಹಾಗೇ ಕಲಿಸಿದಳು, ಜೋಳದ ಹೊಲದಲ್ಲಿ, ಬಗ್ಗಿದ ಬೆನ್ನಿನಲ್ಲಿ. ಗಾಳಿ ಬೀಸುವ ಹೊಲದ ಆ ತುದಿಯಿಂದ ಉಪದೇಶಿ ‘ಅನ್ಯೋನ್ಯತೆ’ ಅಂದದ್ದು ಈ ತುದಿಯಲ್ಲಿ ಅನ್ನ ಆಗಿ ಬಂದಿರಬೇಕು. ಅನ್ಯೋನ್ಯತೆ ಅನ್ನುವ ಶಬ್ದವನ್ನು ಆಯಿ ಜನ್ಮದಲ್ಲಿ ಕೇಳಿರಲಿಲ್ಲ. ಅನ್ನ ಗೊತ್ತಿತ್ತು.

ಗೊತ್ತಿತ್ತು ಅಂದರೆ, ದಿನಾ ಉಣ್ಣುವುದಾಗಿ ಅಲ್ಲ. ಆಗ ನಮ್ಮ ಕಡೆ ಬಡವರ ಮನೆಯಲ್ಲಿ ದಿನಾ ರೊಟ್ಟಿ, ನುಚ್ಚು. ಅನ್ನ ಹಬ್ಬಕ್ಕೆ, ಬೀಗರು ಬಂದಾಗ. ಆದರೂ ಆಯಿ ಕರ್ತನ ಭೋಜನ ಇದ್ದ ರವಿವಾರ ಹೇಗಾದರೂ ಮಾಡಿ ಒಂದು ಗಡಿಗೆ ಅನ್ನ ಮಾಡುವಳು. ಆರಾಧನೆ ಮುಗಿಸಿ ಬಂದವರು, ದಾರಿಯಲ್ಲಿ ಹೋಗುವವರು, ಯಾರು ಬಂದರೂ ಒಂದು ತುತ್ತು. “ಬಾಯಿಲೇ ಭಕ್ತರ ಅನ್ನಾ ನಂಬತೇವಂತ ಹೇಳಿ ಒಲಿ ಹಚ್ಚದಿದ್ರ ಹೆಂಗ?” ಅನ್ನುವಳು. ಅವಳ ಮೇಲೆ ಅವ್ವ ಮಾಡಿದಳು. ಅವ್ವನ ಮೇಲೆ ನಾನು. ತಿಂಗಳಿಗೊಮ್ಮೆ ಭೋಜನದ ರವಿವಾರ, ಅದೇ ಬಸ್ಸಿಗೆ ಬರುವ ಮೂಡಲಗಿಯ ಎರಡು ಮನೆಯವರು ನಮ್ಮಲ್ಲೇ ಉಣ್ಣುತ್ತಾರೆ. ಬಾಜೂ ಮನೆಯ ಹಿರಿಯಾಕೆ ಕಾಕುಗೂ ಒಂದು ಡಬ್ಬಿ ಹೋಗುತ್ತದೆ. ಮದುವೆಯಾಗಿ ಬಂದ ದಿನದಿಂದ ನನ್ನ ಮನೆಯ ಧರ್ಮ ಅದು. ಅದೆಲ್ಲ ಒಂದು ತಪ್ಪು ಶಬ್ದದ ಮೇಲೆ ನಿಂತಿತ್ತು.

ಎದೆ ತಡೆಯದೆ ಕಾಕುಗೆ ಹೇಳಿದೆ. ಕಾಕು ಲಿಂಗವಂತರ ಮನೆಯವರು, ಎಪ್ಪತ್ತು ದಾಟಿದವರು, ದಿನಾ ಲಿಂಗಪೂಜೆ ಆಗದೆ ಚಹಾ ಸಹ ಕುಡಿಯುವುದಿಲ್ಲ. ಕಟ್ಟೆಯ ಮೇಲೆ ಕೂತು ಮೆಂತ್ಯೆ ಸೋಸುತ್ತಿದ್ದವರು ನನ್ನ ಮಾತು ಪೂರ್ತಿ ಕೇಳಿ, “ಅದರಾಗ ತಪ್ಪೇನೈತಿ?” ಅಂದರು. “ಭಕ್ತರಿಗೆ ಅನ್ನಾ ನೀಡೂದು ನಮ್ಮಲ್ಲೂ ಐತಿ. ದಾಸೋಹ ಅಂದ್ರ ಮತ್ತೇನು? ನಾ ಇಷ್ಟ ವರ್ಸ ನಿಮ್ಮ ಮಂತ್ರ ಬರೋಬ್ಬರಿ ಐತಿ ಅಂತ ತಿಳಕೊಂಡಿದ್ದೆ.”

ಆಗ ನನಗೆ ತಿಳಿಯಿತು, ಈ ತಪ್ಪು ಯಾಕೆ ಯಾರ ಕಿವಿಗೂ ಚುಚ್ಚಲಿಲ್ಲ ಅಂತ. ನಮ್ಮ ಸೀಮೆಯಲ್ಲಿ ಭಕ್ತರು ಅಂದ ಮೇಲೆ ಅನ್ನ ಬರಲೇಬೇಕು.

“ಖರೆ ಕಾಕೂ, ಆದ್ರ ಹುಡುಗಿ ಬಾಯಿ ಮುಚ್ಚಿ ಕುಂತಾಳ.”

“ನಿನ್ನ ಮಗಳು ಕೇಳರೆ ಕೇಳತಾಳ,” ಅಂದರು ಕಾಕು. “ನಮ್ಮ ಮೊಮ್ಮಗ ಲಿಂಗಾ ಬಿಚ್ಚಿ ಕಪಾಟಿನ್ಯಾಗ ಇಟ್ಟಾನ. ಯಾಕೋ ಅಂದ್ರ ಜಿಮ್‌ನ್ಯಾಗ ಡಂಬೆಲ್ಸಿಗೆ ಬಡೀತೈತಂತ. ಆ ಹೆಣಭಾರ ಕಬ್ಬಿಣ ಎತ್ತತಾನ, ಇಷ್ಟಗಲ ಲಿಂಗಾ ಅವಗ ಭಾರ ಆಗೇತಿ.” ಮೆಂತ್ಯೆಯ ಕಡ್ಡಿಯನ್ನು ಸಿಟ್ಟಿನಿಂದ ಒಗೆದರು. ಇಬ್ಬರೂ ನಕ್ಕೆವು. ನಕ್ಕ ಮೇಲೆ ನಾನೂ ಒಂದು ಹಿಡಿ ಸೊಪ್ಪು ಎಳೆದುಕೊಂಡು ಸೋಸಿದೆ. ಆ ವಾರದ ಕೃಪೆಗಳಲ್ಲಿ ಅದನ್ನೂ ಎಣಿಸಿಕೊಂಡೆ, ನನ್ನ ಚಿಂತೆ ನಮ್ಮ ಗೋಡೆಯ ಆಚೆಗೂ ಇದೆ ಅನ್ನುವುದನ್ನು.

ಮುಂದಿನ ರವಿವಾರ ಆರಾಧನೆ ಮುಗಿದ ಮೇಲೆ ಸಭಾಪಾಲಕರ ಮುಂದೆ ನಿಂತು ಎಲ್ಲ ಒಪ್ಪಿಕೊಂಡೆ. ಅವರು ಹರೆಯದವರು, ಕೋಲಾರ ಕಡೆಯಿಂದ ನಮ್ಮಲ್ಲಿಗೆ ಬಂದು ಎರಡು ವರ್ಷವಾಗಿತ್ತು. ಪೂರ್ತಿ ಕೇಳಿ ಹಣೆ ಉಜ್ಜಿಕೊಂಡರು.

“ಅಮ್ಮಾ, ನಾನು ಬಂದ ಮೊದಲನೇ ವಾರಾನೇ ಕೇಳಿಸ್ಕೊಂಡೆ. ಇಲ್ಲಿ ಅರ್ಧ ಸಭೆ ಹಾಗೇ ಹೇಳುತ್ತೆ. ನಿಮ್ಮ ಕಡೆ ಭಾಷೆನೇ ಹೀಗೆ ಅಂದ್ಕೊಂಡು ಸುಮ್ಮನಾದೆ. ಮನೀ, ಸಾಲೀ ಅಂತೀರಲ್ಲ, ಅನ್ಯೋನ್ಯತೆಗೆ ಅನ್ನಾ ಅಂತೀರೇನೋ ಅಂತ.”

ಅರ್ಧ ಸಭೆ. ಹನ್ನೆರಡು ವರ್ಷದಲ್ಲಿ ನನ್ನ ಕೈಯಲ್ಲಿ ಕಲಿತ ಮಕ್ಕಳು, ಆ ಮಕ್ಕಳಿಂದ ಕಲಿತ ಅವರ ಅವ್ವಂದಿರು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾದವು. ಕಲಿಸಿದ್ದು ಮಂದಿಗೆ ಹತ್ತುವುದಿಲ್ಲ ಅಂತ ಎಷ್ಟು ಸಲ ಅತ್ತಿದ್ದೆ. ಹತ್ತಿದ್ದು ಇದು.

“ನಾನಽ ಎದ್ದು ನಿಂತು ಎಲ್ಲಾರಿಗೂ ಹೇಳತೇನ್ರಿ,” ಅಂದೆ.

“ಹೇಳಬೇಕಾಗಿಲ್ಲ ಅಮ್ಮಾ, ನಾನೇ ತಿದ್ದುತೀನಿ.”

“ಇಲ್ರಿ. ತಪ್ಪು ನನ್ನ ಬಾಯಿಂದ ಹೋಗೇತಿ.”

ಖರೆ ಹೇಳಬೇಕೆಂದರೆ ಅದರಲ್ಲಿ ನನ್ನ ಸ್ವಾರ್ಥವಿತ್ತು. ಎಲ್ಲರ ಮುಂದೆ ನಾನು ತಲೆ ಬಗ್ಗಿಸಿದರೆ ಮಗಳ ಮನಸ್ಸು ಕರಗೀತು, ಹಬ್ಬದ ದಿನ ಎದ್ದು ನಿಂತಾಳು ಅಂತ. ಏಪ್ರಿಲ್‌ನಲ್ಲಿ ಅವಳ ಪರೀಕ್ಷೆ ಮುಗಿದ ಮೇಲೆ ಒಂದು ರವಿವಾರ ಎದ್ದು ನಿಂತೆ. ಮೊದಲು ರವಿವಾರದ ಸಾಲಿಯ ಮಕ್ಕಳಿಗೆ, ಆಮೇಲೆ ದೊಡ್ಡವರಿಗೆ ಹೇಳಿದೆ. ಆಯಿಯ ಕತೆ, ಹೊಲದ ಕತೆ ಏನೂ ಹೇಳಲಿಲ್ಲ, ಹೇಳಿದರೆ ನೆಪ ಹೇಳಿದ ಹಾಗಾಗುತ್ತಿತ್ತು. “ನಾ ಕಲಿಸಿದ್ದು ತಪ್ಪೈತ್ರಿ. ಅನ್ನ ಅಲ್ಲ, ಅನ್ಯೋನ್ಯತೆ. ಅಂದ್ರ ದೇವರ ಮಂದಿ ಎಲ್ಲಾರೂ ಒಬ್ಬರಿಗೊಬ್ಬರು ಕೂಡಿರೂದು,” ಅಂದೆ. ಹಿಂದಿನ ಬೆಂಚಿನ ಒಬ್ಬ ಮುದುಕಿ, “ಅಯ್ಯ, ಇನ್ನ ಮ್ಯಾಲೆ ಊಟಾ ಇಲ್ಲೇನ?” ಅಂದಳು. ಎಲ್ಲರೂ ನಕ್ಕರು. ನಾನು ಮಗಳ ಕಡೆ ನೋಡಿದೆ. ಅವಳು ನಗಲಿಲ್ಲ. ತಲೆ ಬಗ್ಗಿಸಿ ತನ್ನ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು.

ಬಸ್ಸಿನಲ್ಲಿ ಕೇಳಿದೆ. “ಈಗರೆ ಆತಿಲ್ಲ?”

“ಏನಾತು?”

“ತಪ್ಪು ತಿದ್ದಿದೆ. ಇನ್ನ ನೀ ಹಬ್ಬದ ದಿನಾ ನಿಂದರತಿಲ್ಲ?”

ಕೊಣ್ಣೂರಿನಲ್ಲಿ ಅಕ್ಕನ ಮನೆಗೆ ಹೋಗುವುದಿತ್ತು, ಅದಕ್ಕೆ ಆ ದಿನ ಆ ಕಡೆಯ ಬಸ್ಸು ಹತ್ತಿದ್ದೆವು. ಊರು ಬಂದು ಇಳಿಯುವಾಗ ಅವಳು ಹೇಳಿದಳು.

“ನೀ ಒಂದ ಶಬ್ದ ಬದಲ ಮಾಡಿದಿ ಅವ್ವಾ. ಚಲೋ ಮಾಡಿದಿ. ಆದ್ರ ಮಂದಿ ಮುಂದ ನಿಂತು ‘ನಾನು ನಂಬತೇನಿ’ ಅನ್ನಬೇಕಾದವಳು ನಾನು. ಇಷ್ಟ ದಿನಾ ನಾ ನಂಬಿದ್ದು ನಿನ್ನ. ದೇವರನ್ನ ಅಲ್ಲ. ಅದು ನನಗ ಹುಕ್ಕೇರ್ಯಾಗ ಗೊತ್ತಾತು.”

ರಸ್ತೆಯ ಮೇಲೆ ಕಬ್ಬಿನ ಟ್ರ್ಯಾಕ್ಟರು ಹೋಗುವ ತನಕ ಇಬ್ಬರೂ ನಿಂತೆವು. ನನಗೆ ಅಳು ಬಂತು, ಜೊತೆಗೆ ಸಿಟ್ಟೂ ಬಂತು. ಹೇಳಬಾರದ್ದನ್ನು ಹೇಳಿದೆ. “ನಮ್ಮ ಆಯಿ ಇದ್ದಿದ್ರ ಎದಿ ಒಡಕೊಂಡು ಸಾಯತಿದ್ಲು,” ಅಂದೆ.

“ಆಯಿ ಇದ್ದಿದ್ರ ಆಕೀನ್ನೂ ಕೇಳತಿದ್ದೆ,” ಅಂದಳು.

ಆ ಮೇಲಿನ ಒಂದೂವರೆ ತಿಂಗಳು ನಾನು ಮಾಡಿದ ಪ್ರಾರ್ಥನೆಗಳನ್ನು ಇಲ್ಲಿ ಬರೆಯಲಾರೆ. ಪ್ರಾರ್ಥನೆಯೋ ಹಟವೋ ಗೊತ್ತಿಲ್ಲ. ಒಲೆಯ ಮುಂದೆ, ನೀರಿನ ಪಾಳಿಯಲ್ಲಿ, ಎಲ್ಲೆಂದರಲ್ಲಿ ಅದೇ. ಅವಳು ಬೈಬಲ್ಲು ಕೈಗೆತ್ತಿಕೊಂಡರೆ ನನ್ನ ಜೀವ ಹಗುರಾಗುವುದು, ಮೊಬೈಲು ಎತ್ತಿಕೊಂಡರೆ ಭಾರವಾಗುವುದು. ಒಂದು ದಿನ ಮೊಬೈಲಿನಲ್ಲಿ ಏನೋ ಓದುತ್ತಿದ್ದಳು, ಕದ್ದು ಇಣುಕಿದೆ. ಬೇರೆ ಬೇರೆ ಸಭೆಯವರು ಏನೇನು ನಂಬುತ್ತಾರೆ ಅಂತ ಓದುತ್ತಿದ್ದಳು. ಅದು ಚಲೋದೋ ಕೆಟ್ಟದ್ದೋ ನನಗೆ ತಿಳಿಯಲಿಲ್ಲ.

ನಮ್ಮವರು ಮಾತು ಕಡಿಮೆ. ಬಿಳಿ ಬಟ್ಟೆ ಹೊಲಿದು ಇಸ್ತ್ರಿ ಮಾಡಿ ಗೋಡೆಯ ಮೊಳೆಗೆ ತೂಗು ಹಾಕಿದ್ದರು. ಹಬ್ಬ ನಾಕು ದಿನ ಇದೆ ಅನ್ನುವಾಗ ಮಗಳು ಅವರ ಮುಂದೆ ಬಂದು, “ಪಪ್ಪಾ, ಈ ವರ್ಸ ನಾ ನಿಂದರೂದಿಲ್ಲ. ಬ್ಯಾಡ ಅಂತಲ್ಲ. ಈಗ ಆಗೂದಿಲ್ಲ,” ಅಂದಳು. ಅವರು ಮಶಿನ್ನಿನ ಸೂಜಿಗೆ ದಾರ ಪೋಣಿಸುತ್ತ, “ಆತು,” ಅಂದರು. ಅವಳು ಒಳಗೆ ಹೋದ ಮೇಲೆ ನಾನು ಅವರ ಮೇಲೆ ಹರಿಹಾಯ್ದೆ. “ಆತು ಅಂದ್ರೇನ್ರಿ? ಒಂದ ಮಾತರೆ ಗದರಸಬಾರದ?”

“ಗದರಿಸಿದ್ರ ಬಟ್ಟಿ ಹಾಕೊಂಡು ನಿಂದರತಾಳ. ಬಟ್ಟಿ ನಿಂದರತೈತಿ, ಆಕೀ ನಿಂದರೂದಿಲ್ಲ,” ಅಂದರು. ಸ್ವಲ್ಪ ಹೊತ್ತಿನ ಮೇಲೆ ತಾವೇ ಮತ್ತೆ ಹೇಳಿದರು, “ಒಳಹೊಲಿಗ್ಯಾಗ ಎರಡ ಇಂಚು ಬಟ್ಟಿ ಬಿಟ್ಟೇನಿ. ಮುಂದ ದೊಡ್ಡಾಕಿ ಆದ್ರ ಬಿಚ್ಚಿ ಸಡಲ ಮಾಡಬಹುದು.”

ಪಂಚಾಶತ್ತಮದ ದಿನ ನಾಲ್ಕು ಮಕ್ಕಳು ನಿಂತರು. ಬಿಳಿ ಬಟ್ಟೆ, ಎಣ್ಣೆ ಹಚ್ಚಿ ಬಾಚಿದ ತಲೆ. ಸಭಾಪಾಲಕರು ಕೇಳಿದರು, ಮಕ್ಕಳು ಹೇಳಿದರು. ಆ ಶಬ್ದ ಬಂದಾಗ ನಾಲ್ವರೂ ‘ಅನ್ಯೋನ್ಯತೆ’ಯನ್ನು ಎಷ್ಟು ಒತ್ತಿ ಹೇಳಿದರೆಂದರೆ ಮುಂದಿನ ಮಾತೇ ಅವರಿಗೆ ಮರೆತುಹೋಯಿತು. ಮಗಳು ಹಳದಿ ಚೂಡಿದಾರ ಹಾಕಿಕೊಂಡು ನನ್ನ ಬಾಜೂ ಕೂತಿದ್ದಳು. ಬರುವುದಿಲ್ಲ ಅಂದಾಳು ಅಂತ ಅಂಜಿದ್ದೆ, ಬಂದಿದ್ದಳು. ಭೋಜನಕ್ಕೆ ನಾನು ಎದ್ದಾಗ ನನಗೆ ದಾರಿ ಬಿಡಲಿಕ್ಕೆ ಮೊಣಕಾಲು ಓರೆ ಮಾಡಿದಳು. ತಾನು ಏಳಲಿಲ್ಲ. ನಾಲ್ಕು ಹೊಸ ಮಕ್ಕಳ ಹಿಂದೆ ನಾನು ನಿಂತೆ. ರೊಟ್ಟಿ ನಾಲಿಗೆಯ ಮೇಲೆ ಇಟ್ಟಾಗ ನನ್ನ ಮನಸ್ಸು ಬೆಂಚಿನ ಮೇಲೇ ಇತ್ತು.

ಹೊರಗೆ ಬಂದಾಗ ಕೇಳುವವರು ಕೇಳಿದರು. “ಟೀಚರ್ ಮಗಳಿಗೆ ಏನಾತ್ರಿ?” “ಪರೀಕ್ಷಾದಾಗ ಪಾಸಾಗೇತಿ ಅಂದ್ರ, ಇದರಾಗ ನಪಾಸಾತೇನು?” ಒಬ್ಬಾಕೆ ಕಿವಿಯಲ್ಲಿ, “ಯಾವುದರೆ ಹುಡುಗನ ಲಫಡಾ ಐತೇನು, ನೋಡಕೋರಿ,” ಅಂದಳು. ಮಗಳೇ ತಿರುಗಿ, “ಲಫಡಾ ಐತ್ರಿ ಅಕ್ಕಾರ. ಪುಸ್ತಕದ ಜೋಡಿ,” ಅಂದಳು. ಆಕೆ ನಗಬೇಕೋ ಬೇಡವೋ ಗೊತ್ತಾಗದೆ ಚಪ್ಪಲಿ ಹುಡುಕಿದಳು.

ಮೂಡಲಗಿ ಮುಟ್ಟಿ ಮನೆಗೆ ಬಂದು ಸುಮ್ಮನೆ ಕೂತೆ. ಭೋಜನದ ರವಿವಾರ, ಅನ್ನ ಮಾಡಬೇಕು. ಇಲ್ಲದ ಶಬ್ದಕ್ಕಾಗಿ ಮತ್ತೆ ಯಾಕೆ ಮಾಡಬೇಕು ಅಂತಲೂ ಅನ್ನಿಸಿತು. ಮಗಳು ಅಡುಗೆ ಮನೆಯಿಂದ ಕೂಗಿದಳು, “ಮಂದಿ ಬರೂ ಹೊತ್ತಾತು, ಅಕ್ಕಿ ಇನ್ನೂ ತೊಳದಿಲ್ಲಲಾ?” ತೊಳೆದೆ. ಅವಳು ಟೊಮ್ಯಾಟೊ ಹೆಚ್ಚಿದಳು.

ಅಂದಿನಿಂದ ಒಂದು ಹೊಸ ರೂಢಿ ಶುರುವಾಗಿದೆ, ಯಾರು ಶುರು ಮಾಡಿದೆವೋ ಹೇಳಲಾರೆ. ಸಂಜೆ ನಾನು ಪುಸ್ತಕ ಬಿಚ್ಚಿ, ಬಾಯಿಗೆ ಬರುವುದನ್ನೇ ಬೆರಳಿಟ್ಟು ಓದುತ್ತೇನೆ. ಅವಳು ಬಾಜೂ ಕೂತು ಕೇಳುತ್ತಾಳೆ. ನಾನು ಬೆರಳಿಗಿಂತ ಮುಂದೆ ಓಡಿದರೆ, “ಬಾಯಿಪಾಠ ಬ್ಯಾಡ, ಓದು,” ಅನ್ನುತ್ತಾಳೆ. ಇನ್ನೆರಡು ತಪ್ಪು ಸಿಕ್ಕವು. ಅದರಲ್ಲಿ ಒಂದು, ಪುನರುತ್ಥಾನವನ್ನು ನಾನು ಪುನರ್‌ಸ್ಥಾನ ಅನ್ನುತ್ತಿದ್ದೆ. ಸತ್ತವರಿಗೆ ಮತ್ತೆ ಒಂದು ಜಾಗ ಸಿಗುತ್ತದೆ ಅಂತ ತಿಳಿದಿದ್ದೆ. ಎದ್ದು ಬರುವುದು ಅಂತ ಈ ವಯಸ್ಸಿನಲ್ಲಿ ತಿಳಿಯಿತು. ಆ ಸಂಜೆ ಆಯಿಯನ್ನು ನೆನೆದು ಬಹಳ ಹೊತ್ತು ಓದು ಮುಂದೆ ಹೋಗಲಿಲ್ಲ. ಒಮ್ಮೊಮ್ಮೆ ಮಗಳು ನನ್ನನ್ನೇ ಕೇಳುತ್ತಾಳೆ. “ಇದನ್ನ ನೀ ಖರೇನ ನಂಬತೀ ಏನು, ಇಲ್ಲಾ ರೂಢಿ ಆಗೇತೋ?” ಅಂತ. ಕೆಲವಕ್ಕೆ ‘ನಂಬತೇನಿ’ ಅನ್ನುತ್ತೇನೆ. ಒಂದೆರಡಕ್ಕೆ ‘ನಂಬಾಕ ಬೇಡಕೊಳ್ಳಾಕತ್ತೇನಿ’ ಅಂದಿದ್ದೇನೆ. ಅದನ್ನು ಅವಳು ನೆನಪಿಟ್ಟುಕೊಂಡ ಹಾಗೆ ಕಾಣುತ್ತದೆ.

ಹೆದರಿಕೆ ಹೋಗಿಲ್ಲ. ಈಗ ಪಿ.ಯು.ಸಿ.ಗೆ ಗೋಕಾಕದ ಕಾಲೇಜು ಸೇರಿದ್ದಾಳೆ. ಹೊಸ ಗೆಳತಿಯರು, ಹೊಸ ಮಾತು. ಅಣ್ಣನ ಫೋನು ಬಂದಾಗ ಇಬ್ಬರೂ ನಗುತ್ತ ಮಾತಾಡಿದರೆ, ಏನು ಮಾತಾಡುತ್ತಾರೋ ಅಂತ ಕಿವಿ ಅಲ್ಲೇ ಇರುತ್ತದೆ. ಒಂದು ರವಿವಾರ ತಲೆನೋವು ಅಂದರೆ ನನಗೆ ಬೇರೆ ನೋವು ಶುರುವಾಗುತ್ತದೆ.

ಹೋದ ತಿಂಗಳು ಆರಾಧನೆ ಮುಗಿದ ಮೇಲೆ ಸಭಾಪಾಲಕರು ಮುಂದಿನ ವರ್ಷ ದೃಢ ಆಗುವವರ ಹೆಸರು ಬರೆಯಲಿಕ್ಕೆ ರಿಜಿಸ್ಟರು ಹಿಡಿದು ಮೇಜಿನ ಮುಂದೆ ಕೂತರು. ಮೂರು ಮಕ್ಕಳ ಹೆಸರು ಆಯಿತು. ಮಗಳು ಬಾಗಿಲ ಹತ್ತಿರ ಚಪ್ಪಲಿ ಮೆಟ್ಟುತ್ತಿದ್ದಳು. ನಾನು ಹಾಸಿದ ಜಮಖಾನೆ ಸುತ್ತುತ್ತ, ಕರೆಯಲಿ ಅಂತಲೂ, ಕರೆಯದಿದ್ದರೆ ಸಾಕು ಅಂತಲೂ ಬೇಡಿಕೊಳ್ಳುತ್ತಿದ್ದೆ.

ಪಾಲಕರು ಕರೆದರು. “ಏನಮ್ಮಾ, ನಿನ್ನ ಹೆಸರು ಬರೀಲಾ, ಬೇಡವಾ?”

ಅವಳು ಅಲ್ಲೇ ನಿಂತು ಯೋಚಿಸಿದಳು.

“ಬರೀರಿ,” ಅಂದಳು. “ಆದ್ರ ಪೆನ್ಸಿಲ್‌ಲೇ ಬರೀರಿ.”

ಪಾಲಕರು ತಮ್ಮ ಕೈಯ ಪೆನ್ನು ನೋಡಿದರು. ಕಿಸೆ ಮುಟ್ಟಿಕೊಂಡರು, ಪೆನ್ಸಿಲ್ ಇರಲಿಲ್ಲ. ನನ್ನ ಕಡೆ ನೋಡಿದರು. ರವಿವಾರದ ಸಾಲಿಯ ಸಾಮಾನು ಇಡುವ ಡಬ್ಬಿ ನನ್ನ ಹತ್ತಿರವೇ ಇರುತ್ತದೆ. ಹೋಗಿ ತೆರೆದೆ. ಮೇಲೆ ನಾಕಾರು ಪೆನ್ನು ಕಂಡವು. ಅವನ್ನು ಬಾಜೂಕ್ಕೆ ಸರಿಸಿ ಹುಡುಕಿದೆ. ಬಣ್ಣದ ಕಡ್ಡಿಗಳ ಕೆಳಗೆ ಒಂದು ಮೋಟು ಪೆನ್ಸಿಲ್ ಸಿಕ್ಕಿತು, ತುದಿ ಮುರಿದಿತ್ತು. ಶಾರ್ಪನರಿನಲ್ಲಿ ಹಾಕಿ ತಿರುವಿದೆ. ಎರಡು ಸಲ ತುದಿ ಮುರಿಯಿತು. ಮೂರನೆಯ ಸಲ ನಿಂತಿತು. ತಂದು ಪಾಲಕರ ಕೈಗೆ ಕೊಟ್ಟೆ.